ಉಪ್ಪಿನ ಗೋಡೌನಿನ ಕಸರತ್ತು

ಮೊದಲು ಒಂದು ಒಗಟು. ಎರಡು ಕಾಲಿನವರೆಲ್ಲ ಏದುಸಿರು ಬಿಟ್ಟುಕೊಂಡು ಓಡಿದರು. ನಾಲ್ಕು ಕಾಲಿನದು ಮಾತ್ರ ನಿಂತಲ್ಲೇ ನಿಂತು ನಾಲಿಗೆ ಆಡಿಸಿತು. ಗೆದ್ದದ್ದು ನಾಲ್ಕು ಕಾಲಿನದು. ಸೋತವನು ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು. ಇದೇನು, ಹೇಳಿ.

ಹೇಳೋಕಾಗಲ್ಲ ಬಿಡಿ. ಅವತ್ತು ಆ ಬಯಲಲ್ಲಿ ನಿಂತು ಕಣ್ಣಾರೆ ನೋಡಿದ ನಮ್ಮ ಕೋಚ್ ಸಾಹೇಬರಿಗೇ ಏನಾಯಿತು ಅಂತ ಇನ್ನೂ ಗೊತ್ತಾಗಿಲ್ಲ. ಉತ್ತರ ಕೊನೆಯಲ್ಲಿ ಹೇಳುತ್ತೇನೆ. ಗಣಿತದಲ್ಲಿ ಫೇಲಾಗಿ ಮನೆಯಲ್ಲಿ ಕೂತವನು ನಾನು, ನನಗೆ ಬರೆಯೋಕೆ ಪುರುಸೊತ್ತಿದೆ. ನಿಮಗೆ ಓದೋಕೇನು ದಾಡಿ.

ನಮ್ಮ ಚಳ್ಳಕೆರೆ ಕಡೆ ಯಾರಾದರೂ ಮೈ ಗಟ್ಟಿ ಮಾಡಿಕೊಳ್ಳುತ್ತೇನೆ ಅಂತ ಹೊರಟರೆ ಸಾಕು, ಇಂಥದ್ದೊಂದು ಆಗೇ ಆಗುತ್ತದೆ. ಆಗದೆ ಉಳಿಯುವುದು ಅಂದರೆ ಮೈ ಗಟ್ಟಿಯಾಗುವುದೊಂದೇ.

ಈ ಸಲ ಹೊರಟವನು ನಮ್ಮ ದೊಡ್ಡಪ್ಪನ ಮಗ. ನಾನು ಅಣ್ಣ ಅನ್ನುತ್ತೇನೆ. ಪೊಲೀಸ್ ಪೇದೆ ಕೆಲಸದ ಲಿಖಿತ ಪರೀಕ್ಷೆ ಪಾಸು ಮಾಡಿದ್ದ. ಫಿಸಿಕಲ್ ಬಾಕಿ ಇತ್ತು: ಓಡಬೇಕು, ಹಾರಬೇಕು, ಗುಂಡು ಎಸೆಯಬೇಕು. ಅದರ ಬೆನ್ನಿಗೇ ಮದುವೆಯೂ ನೇತಾಡುತ್ತಿತ್ತು. ಮೊಳಕಾಲ್ಮೂರಿನಲ್ಲಿ ಅವನ ಸೋದರಮಾವ ಇದ್ದಾನೆ, ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಆಯಪ್ಪನ ಮಗಳಿಗೂ ಅಣ್ಣನಿಗೂ ಚಿಕ್ಕಂದಿನಿಂದ ಮನಸ್ಸು. ಮಾವ ಮಾತ್ರ ಖಡಾಖಂಡಿತ ಹೇಳಿಬಿಟ್ಟಿದ್ದ. "ಓಡಿ ಪಾಸಾದ್ರೆ ಹುಡುಗಿ ನಿಂದು. ಇಲ್ಲಾಂದ್ರೆ ಬಳ್ಳಾರಿ ಕಡೆ ಒಂದು ಗಂಡು ನೋಡಿಟ್ಟೀನಿ."

ಹೀಗೆ ಹೇಳಿದ ಮಾವನ ಹೊಟ್ಟೆಯನ್ನು ನೀವು ನೋಡಬೇಕು. ಆಯಪ್ಪ ಸರ್ವಿಸಿನಲ್ಲಿದ್ದಾಗ ಕಳ್ಳರು ಓಡುತ್ತಲೇ ಇರಲಿಲ್ಲವಂತೆ. ಈತನಿಗೆ ಯಾಕೆ ತೊಂದರೆ ಅಂತ ತಾವೇ ನಡೆದುಕೊಂಡು ಠಾಣೆಗೆ ಬರುತ್ತಿದ್ದರಂತೆ.

ಹುಡುಗಿ ಫೋನಿನಲ್ಲಿ ಅಣ್ಣನಿಗೆ ಹೇಳಿದ್ದು ಇಷ್ಟು: "ಓಡಕ್ಕಾಗದಿದ್ರೆ ನಡ್ಕೊಂಡಾದ್ರೂ ಬಾ, ಬಾವ. ಆ ಬಳ್ಳಾರಿಯೋನಿಗಿಂತ ಮುಂಚೆ ಬಾ ಅಷ್ಟೆ." ಅವಳೊಬ್ಬಳಿಗೆ ಬುದ್ಧಿ ಇದೆ. ಅದಕ್ಕೇ ಅವಳ ಮಾತನ್ನು ಯಾರೂ ಕೇಳಲಿಲ್ಲ.

೧. ಎಲ್ಲಿಗೂ ಹೋಗದ ಓಟ

ಚಳ್ಳಕೆರೆಯಲ್ಲಿ ಒಬ್ಬರು ಕೋಚ್ ಸರ್ ಇದ್ದಾರೆ. ಮೊದಲು ಬೋರ್‌ವೆಲ್ ಮೋಟಾರು ಮಾರುತ್ತಿದ್ದರು. ನೀರು ಬರುವುದು ನಿಂತ ಮೇಲೆ ಕೊರಳಿಗೊಂದು ಸೀಟಿ ಹಾಕಿಕೊಂಡು ಕೋಚ್ ಆದರು. ಅವರ ತರಬೇತಿ ಕೇಂದ್ರ ಹಿಂದೆ ಉಪ್ಪಿನ ವ್ಯಾಪಾರಿಯೊಬ್ಬನ ಗೋಡೌನಾಗಿತ್ತು. ಗೋಡೆಗಳು ಇವತ್ತಿಗೂ ಉಪ್ಪು ಬೆವರುತ್ತವೆ. ಒಳಗಿಟ್ಟ ಡಂಬೆಲ್‌ಗಳು ತುಕ್ಕು ಹಿಡಿದು, ಎತ್ತಿದವರ ಅಂಗೈ ಕುಂಕುಮ ಹಚ್ಚಿದ ಹಾಗೆ ಕೆಂಪಾಗುತ್ತಿತ್ತು. ಹೊರಗೆ ಓಣಿಯ ಮೇಕೆಗಳು ದಿನಾ ಸಾಲಾಗಿ ಬಂದು ಹಿಂದಿನ ಗೋಡೆ ನೆಕ್ಕಿಕೊಂಡು ಹೋಗುತ್ತಿದ್ದವು. ಶಿಸ್ತು ಅಂತ ಆ ಕೇಂದ್ರದಲ್ಲಿ ಇದ್ದದ್ದು ಆ ಮೇಕೆಗಳಿಗೆ.

ದೊಡ್ಡಪ್ಪ ನನ್ನನ್ನೂ ಅಣ್ಣನ ಜೊತೆ ಅಟ್ಟಿದ. "ಲೇ, ತಲೆ ಅಂತೂ ಬರ್ಲಿಲ್ಲ ನಿಂಗೆ. ಕಾಲಾದ್ರೂ ಬರ್ತಾವೇನು ನೋಡು, ಹೋಗು."

ನಮ್ಮ ಹಟ್ಟಿ ಇರುವುದು ಚಳ್ಳಕೆರೆಗೂ ನಾಯಕನಹಟ್ಟಿಗೂ ನಡುವೆ. ಮನೆಯಿಂದ ಹೊರಗೆ ಕಾಲಿಟ್ಟರೆ ಕಣ್ಣು ಹೋಗುವಷ್ಟು ದೂರ ಬಯಲು. ಅಂಥ ಬಯಲು ಬಿಟ್ಟು ನಾವು ಬಸ್ಸು ಹತ್ತಿ, ಊರೊಳಗೆ ಹೋಗಿ, ಒಂದು ಕತ್ತಲೆ ಗೋಡೌನಿನಲ್ಲಿ ರಬ್ಬರ್ ಪಟ್ಟಿಯ ಮೇಲೆ ನಿಂತಲ್ಲೇ ಓಡುತ್ತಿದ್ದೆವು. ಟ್ರೆಡ್‌ಮಿಲ್ ಇದ್ದದ್ದು ಒಂದೇ. ಅದರ ಎದುರಿಗೇ ಗೋಡೆ.

ಒಂದು ದಿನ ಅಣ್ಣ ಜೋರಾಗಿ ಓಡುತ್ತಿರುವಾಗ ಕರೆಂಟು ಹೋಯಿತು. ಪಟ್ಟಿ ನಿಂತಿತು, ಅಣ್ಣ ನಿಲ್ಲಲಿಲ್ಲ. ಹೋಗಿ ಗೋಡೆಯನ್ನು ತಬ್ಬಿಕೊಂಡ. ಕೋಚ್ ಸರ್ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲೂ ಇಲ್ಲ.

"ಬಾಡಿ ನಿಂತ್ರೂ ಮೈಂಡ್ ಓಡ್ತಾ ಇರ್ಬೇಕು ಕಣೋ. ಮೈಂಡಲ್ಲಿ ಏನು ಬರ್ತಾ ಐತೆ ಹೇಳು."

ಅಣ್ಣ ತುಟಿ ಒರೆಸಿಕೊಂಡು ಹೇಳಿದ: "ಉಪ್ಪು ಜಾಸ್ತಿ ಆಗೈತೆ ಸರ್."

ಸಂಜೆ ಮನೆಯಲ್ಲಿ ಅಜ್ಜಿ ಅವನ ಮೂಗಿಗೆ ಅರಿಶಿನ ಹಚ್ಚುತ್ತಾ ಕೇಳಿದಳು, "ಎಷ್ಟು ದೂರ ಓಡ್ದೆ ಮಗ?"

"ನಾಕು ಕಿಲೋಮೀಟ್ರು ಅಜ್ಜಿ."

"ಎಲ್ಲಿಗೆ ಹೋದೆ?"

"ಎಲ್ಲಿಗೂ ಇಲ್ಲ. ಅಲ್ಲೇ."

ಅಜ್ಜಿ ಅರಿಶಿನದ ಬಟ್ಟಲು ಕೆಳಗಿಟ್ಟಳು. "ಎಲ್ಲಿಗೂ ಹೋಗದೆ ಇರಕ್ಕೆ ಚಳ್ಳಕೆರೆಗೆ ಯಾಕೆ ಹೋದೆ? ಅದನ್ನ ಇಲ್ಲೇ ಮಾಡಬೌದಿತ್ತಲ್ಲ. ನಿನ್ನ ತಮ್ಮ ದಿನಾ ಮಾಡ್ತಾನೆ."

೨. ಹೊಟ್ಟಿನ ಗುಂಡಿ

ಲಾಂಗ್ ಜಂಪಿಗೆ ಮರಳಿನ ಗುಂಡಿ ಬೇಕು. ಮರಳಿಗೆ ದುಡ್ಡು ಬೇಕು. ಗೋಡೌನಿನ ಪಕ್ಕದಲ್ಲೇ ಎಣ್ಣೆ ಮಿಲ್ಲು, ಅಲ್ಲಿ ಶೇಂಗಾ ಹೊಟ್ಟು ಬೆಟ್ಟದಂತೆ ಬಿದ್ದಿತ್ತು. ಕೋಚ್ ಸರ್ ಒಂದು ಗುಂಡಿ ತೋಡಿಸಿ ಅದಕ್ಕೆ ಹೊಟ್ಟು ತುಂಬಿಸಿದರು. "ಫಾರಿನ್‌ನಲ್ಲೆಲ್ಲ ಹಿಂಗೇ, ಮೆತ್ತಗಿರೋದೇ ಹಾಕ್ತಾರೆ" ಅಂದರು. ಫಾರಿನ್ನಿನಲ್ಲಿ ಅಷ್ಟು ಶೇಂಗಾ ಬೆಳೆಯುತ್ತಾರೋ ಇಲ್ಲವೋ, ನಾನು ಕೇಳಲಿಲ್ಲ.

ಅಣ್ಣ ದೂರದಿಂದ ಓಡಿ ಬಂದು ಹಾರಿದ. ಹಾರಿದ್ದನ್ನು ಎಲ್ಲರೂ ನೋಡಿದೆವು. ಬಿದ್ದದ್ದನ್ನು ಯಾರೂ ನೋಡಲಿಲ್ಲ. ಹೊಟ್ಟು ಬಾಯಿ ತೆರೆದು ಅವನನ್ನು ನುಂಗಿ ಮತ್ತೆ ಬಾಯಿ ಮುಚ್ಚಿಕೊಂಡಿತು. ಕೋಚ್ ಸರ್ ಟೇಪು ಹಿಡಿದುಕೊಂಡು ಗುಂಡಿಯ ಅಂಚಿನಲ್ಲಿ ಸುತ್ತು ಹಾಕಿದರು. ಕಾಲು ಬಿದ್ದ ಗುರುತೇ ಇಲ್ಲ, ಅಳೆಯುವುದು ಎಲ್ಲಿಂದ.

ಸ್ವಲ್ಪ ಹೊತ್ತಿಗೆ ಆ ಮೂಲೆಯಲ್ಲಿ ಅಣ್ಣನ ತಲೆ ಎದ್ದಿತು, ಕೆಮ್ಮುತ್ತಾ. ಹಾರಿದವನು ದಿಕ್ಕು ತಪ್ಪಿ ಒಳಗೊಳಗೇ ತೆವಳಿದ್ದ. ಕೋಚ್ ಸರ್ ಕೂಡಲೇ ಆ ತಲೆಗೆ ಟೇಪು ಹಿಡಿದರು.

"ನೋಡ್ರೋ. ಜಿಲ್ಲೆಗೇ ರೆಕಾರ್ಡು ಇದು."

ಅಣ್ಣ ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ಮೈ ಕೆರೆದುಕೊಳ್ಳುತ್ತಾ ಅದೇ ರೆಕಾರ್ಡಿನ ಮಾತು ಆಡುತ್ತಿದ್ದ. ಮಾರನೆ ದಿನ ನಾವು ಹೋಗುವ ಹೊತ್ತಿಗೆ ಗುಂಡಿ ಬರಿದಾಗಿತ್ತು. ಇಟ್ಟಿಗೆ ಗೂಡಿನವರು ಹೊಟ್ಟು ತುಂಬಲು ಟ್ರ್ಯಾಕ್ಟರ್ ತಂದಿದ್ದಾಗ, ಇದೂ ಮಿಲ್ಲಿನದೇ ಇರಬೇಕು ಅಂತ ಬಾಚಿಕೊಂಡು ಹೋಗಿದ್ದರು. ಜಿಲ್ಲೆಯ ರೆಕಾರ್ಡು ಅವತ್ತೇ ಸುಟ್ಟು ಇಟ್ಟಿಗೆಯಾಯಿತು.

೩. ಮನಸ್ಸಿನ ವ್ಯಾಯಾಮ

"ಓಟ ಅನ್ನೋದು ಕಾಲಲ್ಲಿಲ್ಲ, ತಲೇಲೈತೆ" ಅಂತ ಕೋಚ್ ಸರ್ ಒಂದು ದಿನ ಶುರು ಮಾಡಿದರು.

"ಹಂಗಾದ್ರೆ ಶೂ ಎಲ್ಲಿಗೆ ಹಾಕ್ಕೊಳ್ಳಣ ಸರ್?" ಅಂದೆ.

ನನ್ನನ್ನು ಹಿಂದಿನ ಸಾಲಿಗೆ ಕಳಿಸಿದರು. ಬಾಗಿಲು ಇರುವುದು ಹಿಂದೆಯೇ. ಅದು ಅವರು ಮಾಡಿದ ತಪ್ಪು.

ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಬೇಕು. ಕೋಚ್ ಸರ್ ಕೂಡ ಎದುರಿಗೆ ಕೂತು ಕಣ್ಣು ಮುಚ್ಚಿದರು. ಆಮೇಲೆ ದನಿ ದಪ್ಪ ಮಾಡಿಕೊಂಡು, "ನೀವೀಗ ಓಡ್ತಾ ಇದೀರಿ. ಜನ ಚಪ್ಪಾಳೆ ಹೊಡೀತಾ ಇದಾರೆ. ಎದೆ ಹಗುರಾಗ್ತಾ ಐತೆ..." ಅಂತ ಹೇಳುತ್ತಾ ಹೋದರು. ನಾನು ಪಕ್ಕದವನ ತೊಡೆ ಚಿವುಟಿದೆ. ಅವನು ಅವನ ಪಕ್ಕದವನಿಗೆ. ಹೀಗೆ ಒಬ್ಬೊಬ್ಬರೇ ಎದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಹೊರಗೆ ಹೋಗಿ, ಎದುರಿನ ಗಾಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ನೀರು ಕುಡಿದು, ವಾಪಸ್ಸು ಬಂದು ಕೂತೆವು. ಕೋಚ್ ಸರ್ ಅಷ್ಟು ಹೊತ್ತಿಗೆ ಖಾಲಿ ಗೋಡೌನಿಗೆ ಪದಕ ಹಾಕುತ್ತಿದ್ದರು.

ಪೂರ್ತಿ ಖಾಲಿ ಅನ್ನುವ ಹಾಗಿಲ್ಲ. ಅಣ್ಣ ಒಬ್ಬ ಎದ್ದಿರಲಿಲ್ಲ. ಮಾವನ ಮಗಳು ಕಣ್ಣ ಮುಂದೆ ಬಂದಿರಬೇಕು, ಹಾಗೇ ನಿದ್ದೆ ಹೋಗಿ ಗೊರಕೆ ಹೊಡೆಯುತ್ತಿದ್ದ.

ಕೋಚ್ ಸರ್ ಕಣ್ಣು ಬಿಟ್ಟು ನಮ್ಮನ್ನೆಲ್ಲ ತುಂಬಿದ ಮನಸ್ಸಿನಿಂದ ನೋಡಿದರು. "ಇಷ್ಟು ನಿಶ್ಶಬ್ದವಾಗಿ ಯಾವ ಬ್ಯಾಚೂ ಕೂತಿರಲಿಲ್ಲ ಕಣ್ರೋ. ಒಬ್ಬ ಕೆಮ್ಮಲಿಲ್ಲ, ಒಬ್ಬ ಸೊಳ್ಳೆ ಹೊಡೀಲಿಲ್ಲ." ಆಮೇಲೆ ಅಣ್ಣನ ಭುಜ ತಟ್ಟಿ ಎಬ್ಬಿಸಿದರು. "ಸದ್ದು ಮಾಡಿದ್ದು ನೀನೊಬ್ನೇ. ಅವರನ್ನ ನೋಡಿ ಕಲಿ."

೪. ಮೊಟ್ಟೆಯ ತಟ್ಟೆ

ನಮ್ಮ ಹಟ್ಟಿಯಲ್ಲಿ ಕೋಳಿ ಇಲ್ಲ. ಕುರಿ ಮೇಕೆ ತಿನ್ನುತ್ತೇವೆ, ಕೋಳಿ ಮಾತ್ರ ನಮ್ಮ ದೇವರಿಗೆ ಆಗದು. ಸಾಕುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆಯನ್ನು ಹೊಸಲು ದಾಟಿಸುವುದಿಲ್ಲ. ಬೆಳಗಾಯಿತು ಅಂತ ಕೂಗಿ ಎಬ್ಬಿಸುವ ಕೆಲಸ ಅಜ್ಜಿಯದೇ.

ಕೋಚ್ ಸರ್ ಅಣ್ಣನಿಗೆ ದಿನಾ ರಾಶಿ ಮೊಟ್ಟೆ ತಿನ್ನಲು ಹೇಳಿದ್ದರು. ಅಣ್ಣ ಆಗಲ್ಲ ಅನ್ನಲಾರದೆ "ಹೂಂ ಸರ್" ಅಂದುಬಿಟ್ಟ. ಅಲ್ಲಿಂದ ಕೋಚ್ ಸರ್ ಹೊಸದಾಗಿ ಬಂದ ಹುಡುಗರಿಗೆಲ್ಲ ಅಣ್ಣನ ತೋಳು ಹಿಡಿದು ತೋರಿಸುತ್ತಿದ್ದರು. "ನೋಡ್ರೋ, ಇದು ಮೊಟ್ಟೆ. ಪೂರ್ತಿ ಮೊಟ್ಟೆ." ಆ ತೋಳಿನಲ್ಲಿ ಇದ್ದದ್ದೆಲ್ಲ ರಾಗಿ ಮುದ್ದೆ, ಹುರುಳಿ ಸಾರು.

ಅದು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಕೋಚ್ ಸರ್ ಶಿಷ್ಯನ ಮನೆ ನೋಡಿ ಬರೋಣ ಅಂತ ಹಟ್ಟಿಗೇ ಬಂದರು. ಬರಿಗೈಯಲ್ಲಿ ಬರಬಾರದು ಅಂತ ಒಂದು ದೊಡ್ಡ ತಟ್ಟೆ ತುಂಬ ಮೊಟ್ಟೆ ತಂದಿದ್ದರು. ಅಣ್ಣ ದೂರದಿಂದಲೇ ನೋಡಿ ಹಿತ್ತಲಿಗೆ ಓಡಿದ. ಅಷ್ಟು ವೇಗವಾಗಿ ಅವನು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಜ್ಜಿ ಬಾಗಿಲಿಗೆ ಬಂದಳು. "ಬರ್ರಿ ಮೇಷ್ಟ್ರೇ. ಅಲ್ಲೇ ನಿಲ್ರಿ. ಕೈಯಾಗೇನು?"

"ಮೊಟ್ಟೆ ತಾಯಿ. ನಿಮ್ಮ ಮೊಮ್ಮಗನಿಗೆ."

"ಅದನ್ನ ಒಳಗೆ ತರಂಗಿಲ್ರಿ."

"ಇಲ್ಲೇ ಕಟ್ಟೆ ಮೇಲೆ ಇಡ್ಲಾ?"

"ಅದ್ರ ಮೇಲೆ ದೇವರ ಪೆಟ್ಟಿಗೆ ಇಳಿಸ್ತೀವ್ರಿ."

"ಈ ಮರದ ಕೆಳಗೆ?"

"ಅಲ್ಲಿ ದೇವರ ಎತ್ತು ಮಲಗ್ತಾವೆ."

ದೇವರ ಎತ್ತು ಅಂದರೆ ದೇವರಿಗೆ ಬಿಟ್ಟ ಎತ್ತುಗಳು. ಹೂಡುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ದಾರಿಯಲ್ಲಿ ಎದುರಾದರೆ ಕಾಲಲ್ಲಿದ್ದದ್ದು ಬಿಟ್ಟು, ಕೈ ಮುಗಿದು, ಅದು ತಾನಾಗಿ ದಾಟುವ ತನಕ ನಾವು ನಿಲ್ಲಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

"ಮತ್ತೆ ಎಲ್ಲಿಡ್ಲಿ ತಾಯಿ?"

"ಕೈಯಾಗೇ ಇಟ್ಕಳ್ರಿ. ಪರವಾಗಿಲ್ಲ, ಮಾತಾಡಣ."

ಅಜ್ಜಿಗೆ ಮರ್ಯಾದೆ ಜಾಸ್ತಿ. ಮನೆಗೆ ಬಂದವರನ್ನು ವಿಚಾರಿಸದೆ ಕಳಿಸುವವಳಲ್ಲ. ಕೋಚ್ ಸರ್ ಸುಡು ಬಿಸಿಲಿನಲ್ಲಿ ಎರಡೂ ಕೈ ಮುಂದೆ ಚಾಚಿ ತಟ್ಟೆ ಹಿಡಿದುಕೊಂಡು ನಿಂತರು. ಅಜ್ಜಿ ಹೊಸಲ ಮೇಲೆ ಕೂತು ಅವರ ಹೆಂಡತಿ ಊರು ಯಾವುದು, ಮಕ್ಕಳೆಷ್ಟು, ಅತ್ತೆ ಇದ್ದಾರಾ, ಮಂಡಿ ನೋವು ಐತಾ ಅಂತ ನಿಧಾನಕ್ಕೆ ಕೇಳಿದಳು. ಮಜ್ಜಿಗೆ ತಂದು ಎದುರಿಗಿಟ್ಟು "ಕುಡೀರಿ" ಅಂದಳು. ಕುಡಿಯಲು ಕೈ ಬೇಕಲ್ಲ. ತಟ್ಟೆ ನಡುಗಲು ಶುರುವಾಯಿತು. ಮೊಟ್ಟೆಗಳು ಒಂದಕ್ಕೊಂದು ತಾಗಿ ಟಿಕ್ ಟಿಕ್ ಅನ್ನುತ್ತಿದ್ದವು.

ನಾನು ಹೋಗಿ ಅವರ ಪಕ್ಕ ನಿಂತು, ಅವರದೇ ದಪ್ಪ ದನಿಯಲ್ಲಿ ಹೇಳಿದೆ: "ಮೊಣಕೈ ಬಗ್ಗಿಸಬೇಡಿ ಸರ್. ಉಸಿರು ಬಿಡಿ. ಜನ ಚಪ್ಪಾಳೆ ಹೊಡೀತಾ ಇದಾರೆ. ಇನ್ನೊಂದೇ ಸೆಟ್."

೫. ಬಿಳಿ ಗೆರೆ

ಚಿತ್ರದುರ್ಗದಲ್ಲಿ ಫಿಸಿಕಲ್ ನಡೆಯುವುದಕ್ಕೆ ಮುಂಚೆ ಕೋಚ್ ಸರ್ ಒಂದು ಟ್ರಯಲ್ ಓಟ ಇಟ್ಟರು. ಮೊಳಕಾಲ್ಮೂರಿನ ಮಾವನಿಗೆ ಸುದ್ದಿ ಮುಟ್ಟಿತು. ಆಯಪ್ಪ ಫೋನು ಮಾಡಿದ. "ಬಳ್ಳಾರಿಯೋರು ಅವಸರ ಮಾಡ್ತಾವ್ರೆ. ಚಿತ್ರದುರ್ಗದ ತನಕ ಕಾಯಕ್ಕಾಗಲ್ಲ. ನಾನೇ ಬಂದು ಈ ಓಟ ನೋಡ್ತೀನಿ. ಗೆದ್ರೆ ಹುಡುಗಿ ಕೊಡ್ತೀನಿ, ಸೋತ್ರೆ ಬಳ್ಳಾರಿಯೋರಿಗೆ ಮಾತು ಕೊಡ್ತೀನಿ." ಅಣ್ಣ ಅವತ್ತಿಂದ ಊಟ ಬಿಟ್ಟ. ಗೊರಕೆಯನ್ನೂ ಬಿಟ್ಟ.

ಓಟಕ್ಕೆ ಜಾಗ ನಮ್ಮ ಹಟ್ಟಿ ಪಕ್ಕದ ಬಯಲು, ದನ ಮೇಯುವ ಕಾವಲಿನ ಬೇಲಿಗೆ ಈಚೆ. ಸುತ್ತು ಗುರುತು ಮಾಡಲು, ಕೊನೆಯ ಗೆರೆ ಎಳೆಯಲು ಸುಣ್ಣದ ಪುಡಿ ಬೇಕಿತ್ತು. ಗೋಡೌನಿನ ಮೂಲೆಯಲ್ಲಿ ವ್ಯಾಪಾರಿ ಬಿಟ್ಟು ಹೋದ ಹಳೇ ಉಪ್ಪಿನ ಮೂಟೆಗಳಿದ್ದವು. ಕೋಚ್ ಸರ್ ಅದನ್ನೇ ಆಟೋಗೆ ಹಾಕಿಸಿಕೊಂಡು ಬಂದರು.

"ಸರ್, ಉಪ್ಪು ಇದು" ಅಂದ ಅಣ್ಣ.

"ಬಿಳಿ ಇದ್ರೆ ಸಾಕು ಬಿಡೋ."

ಗೆರೆ ಎಳೆಯುವ ಕೆಲಸ ನನಗೆ ಬಂತು. ಕೊನೆಯ ಗೆರೆಯನ್ನು ಸ್ವಲ್ಪ ದಪ್ಪಗೇ ಎಳೆದೆ. ಓಣಿಯ ಮೇಕೆಗಳ ಹಾಗೆ ಹಟ್ಟಿಯ ಮೇಕೆಗಳೂ ನೆಕ್ಕಲು ಬರುತ್ತವೆ, ಕೋಚ್ ಸರ್ ಸೀಟಿ ಊದುತ್ತಾ ಅಟ್ಟಿಸಿಕೊಂಡು ಹೋಗುತ್ತಾರೆ, ಕೂತು ನಗಬಹುದು ಅಂತ ನನ್ನ ಲೆಕ್ಕ. ಗಣಿತದಲ್ಲಿ ನಾನು ಫೇಲು ಅಂತ ಮೊದಲೇ ಹೇಳಿದ್ದೇನೆ.

ಮಾವ ಬಸ್ಸಿಳಿದು ಬಂದ. ಸರ್ವಿಸಿನ ಕಾಲದ ಕೆಂಪು ಶೂ, ಕೈಯಲ್ಲಿ ಛತ್ರಿ. ಕೋಚ್ ಸರ್ ತಮ್ಮ ಪ್ಲಾಸ್ಟಿಕ್ ಕುರ್ಚಿ ಬಿಟ್ಟುಕೊಟ್ಟರು. ಸೀಟಿ ಊದಿದರು. ಚಳ್ಳಕೆರೆ ಊರಿನ ಹುಡುಗರು, ನಮ್ಮ ಅಣ್ಣ, ಎಲ್ಲ ಓಡಿದರು. ನಿಜ ಹೇಳುತ್ತೇನೆ, ಅಣ್ಣ ಚೆನ್ನಾಗಿ ಓಡಿದ. ಸುತ್ತು ಸುತ್ತಿಗೂ ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ಕೊನೆಯ ಸುತ್ತಿನಲ್ಲಿ ಅವನ ಮುಂದೆ ಯಾರೂ ಇರಲಿಲ್ಲ. ಮಾವ ಕುರ್ಚಿಯಿಂದ ಅರ್ಧ ಎದ್ದಿದ್ದ.

ಆಗ ಜಾಲಿ ಗಿಡದ ಮರೆಯಿಂದ ಬಂತು. ಮೇಕೆಯಲ್ಲ. ದೇವರ ಎತ್ತು. ಗಂಭೀರವಾಗಿ ನಡೆದು ಬಂದು, ಕೊನೆಯ ಗೆರೆಯ ಮೇಲೆ ಅಡ್ಡಡ್ಡ ನಿಂತು, ತಲೆ ಬಗ್ಗಿಸಿ ನೆಕ್ಕಲು ಶುರು ಮಾಡಿತು.

ಅಣ್ಣ ಅದರ ಮುಂದೆ ಗಕ್ಕನೆ ನಿಂತ. ನಿಂತು ಬಗ್ಗಿ ಶೂ ಬಿಚ್ಚತೊಡಗಿದ. ಲೇಸು ಬಿಚ್ಚಿಹೋಗಬಾರದು ಅಂತ ಕೋಚ್ ಸರ್ರೇ ಅವತ್ತು ಬೆಳಗ್ಗೆ ಎರಡೆರಡು ಗಂಟು ಹಾಕಿಸಿದ್ದರು. ಬಿಚ್ಚಿ ಆಯಿತು, ಕೈ ಮುಗಿದ, ನಿಂತೇ ನಿಂತ.

"ಏಯ್, ಪಕ್ಕದಾಗೆ ಹೋಗೋ" ಅಂತ ಕೋಚ್ ಸರ್ ಕೂಗಿದರು.

"ಅದು ಮೊದ್ಲು ಹೋಗ್ಲಿ ಸರ್."

"ನಿನ್ನ ಮದುವೆ ಹೋಗ್ತಾ ಐತೆ ಕಣೋ."

ಅಣ್ಣನ ಕಣ್ಣಲ್ಲಿ ನೀರು. ಕೈ ಮಾತ್ರ ಇಳಿಸಲಿಲ್ಲ. ಅಷ್ಟರಲ್ಲಿ ಹಿಂದೆ ಉಳಿದಿದ್ದ, ನಮ್ಮ ಕಟ್ಟಳೆ ಇಲ್ಲದ ಊರಿನ ಹುಡುಗರು ಒಬ್ಬೊಬ್ಬರೇ ಬಂದು, ಎತ್ತಿನ ಬಾಲದ ಕಡೆಯಿಂದ ಸುತ್ತು ಹಾಕಿ, ಓಟ ಮುಗಿಸಿ, ಮಂಡಿ ಹಿಡಿದುಕೊಂಡು ನಿಂತರು. ಎಲ್ಲರಿಗಿಂತ ಕೊನೆಯವನು ನಡೆದುಕೊಂಡೇ ಬಂದ.

ಎತ್ತು ಕಾಯುವ ಕಿಲಾರಿ ದೂರದಲ್ಲಿ ಬೇವಿನ ಮರದಡಿ ಕೂತಿದ್ದ. ಕೋಚ್ ಸರ್ ಅವನ ಹತ್ತಿರ ಓಡಿದರು. "ಅದನ್ನ ಹೊಡ್ಕೊಂಡು ಹೋಗಪ್ಪ ಮಾರಾಯ."

"ಹೊಡಿಯಂಗಿಲ್ರಿ. ಅದು ಹೊರಟಾಗ ನಾನು ಹಿಂದೆ ಹೋಗ್ತೀನಿ. ನನ್ನ ಕೆಲಸ ಅಷ್ಟೇ."

ಕೋಚ್ ಸರ್ ವಾಪಸ್ಸು ಬಂದು ಒಂದು ಜಾಲಿ ಕಡ್ಡಿ ಎತ್ತಿಕೊಂಡರು. ಆಗ ಹಿಂದಿನಿಂದ ಠಾಣೆಯ ದನಿ ಬಂತು: "ಕಡ್ಡಿ ಕೆಳಗಿಡು." ತಿರುಗಿ ನೋಡಿದರೆ ಮಾವ. ಅವನೂ ನಮ್ಮವನೇ ಅಲ್ಲವೇ. ಛತ್ರಿ ಮಡಚಿ ಕಂಕುಳಿಗೆ ಸಿಕ್ಕಿಸಿ, ಕೈ ಮುಗಿದು ನಿಂತಿದ್ದ. ಶೂ ಮಾತ್ರ ಕಾಲಲ್ಲೇ ಇತ್ತು. ಬಗ್ಗಲು ಹೊಟ್ಟೆ ಬಿಡದು. ನನ್ನ ಕಡೆ ಕಣ್ಣಲ್ಲೇ ಬೇಡಿಕೊಂಡ. ನಾನು ಮಂಡಿಯೂರಿ ಮಾಜಿ ಹೆಡ್ ಕಾನ್‌ಸ್ಟೇಬಲ್ಲರ ಶೂ ಬಿಚ್ಚಿದೆ. ಒಂದು ಕಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಇಣುಕಿ ಅದೂ ದೇವರಿಗೆ ನಮಸ್ಕಾರ ಮಾಡಿತು.

ಎತ್ತು ಈ ತುದಿಯಿಂದ ಆ ತುದಿಯ ತನಕ ಗೆರೆಯನ್ನು ಪೂರ್ತಿ ನೆಕ್ಕಿ ಮುಗಿಸಿತು. ಮೂತಿ ಎತ್ತಿ ಕೋಚ್ ಸರ್ ಕಡೆ ಒಂದು ಸಲ ನೋಡಿ, ಬಾಲ ಬೀಸಿಕೊಂಡು ಹೊರಟಿತು. ಕಿಲಾರಿ ಎದ್ದು ಹಿಂದೆ ಹೋದ. ಅಣ್ಣ ಬರಿಗಾಲಲ್ಲಿ ಮುಂದೆ ಹೆಜ್ಜೆ ಇಟ್ಟು ಕೇಳಿದ, "ಸರ್, ಎಲ್ಲಿ ತನಕ ಓಡ್ಲಿ?"

ಕೋಚ್ ಸರ್ ನೆಲ ನೋಡಿದರು. ಗೆರೆಯೇ ಇರಲಿಲ್ಲ.

ಒಗಟಿನ ಉತ್ತರ ಸಿಕ್ಕಿತಲ್ಲ. ಇನ್ನು ಮಾವನ ತೀರ್ಪು. ಆಯಪ್ಪ ಗಂಟಲು ಸರಿ ಮಾಡಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಓಡೋ ಪೊಲೀಸಿನೋರನ್ನ ಬೇಕಾದಷ್ಟು ನೋಡೀನಿ. ನಿಲ್ಲೋ ಜಾಗದಾಗೆ ನಿಲ್ಲೋ ಅಳಿಯನ್ನ ನೋಡಿದ್ದು ಇವತ್ತೇ. ಬಳ್ಳಾರಿಯೋನು ಬಳ್ಳಾರೀಲೇ ಇರ್ಲಿ. ಪಿಲ್ಲನಿ ಇಸ್ತಾನು ಪೋರಾ." ಹುಡುಗಿ ಕೊಡುತ್ತೇನೆ ಹೋಗೋ ಅಂತ. ಖುಷಿಯಾದರೆ ಆಯಪ್ಪನ ಬಾಯಲ್ಲಿ ತೆಲುಗು ಬರುತ್ತದೆ. ಅಣ್ಣ ಮಾವನ ಕಾಲಿಗೆ ಬಿದ್ದ, ಆ ತೂತಿನ ಹೆಬ್ಬೆರಳನ್ನೇ ಕಣ್ಣಿಗೊತ್ತಿಕೊಂಡ.

ಈ ತೀರ್ಪು ನಾನು ಕಟ್ಟಿದ್ದು. ಎತ್ತು ಹೋದ ತನಕ ನಡೆದದ್ದೆಲ್ಲ ನಿಜ. ಆಮೇಲೆ ಮಾವ ನನ್ನ ಕೈಯಲ್ಲಿ ಶೂ ಹಾಕಿಸಿಕೊಂಡು, ಛತ್ರಿ ಬಿಚ್ಚಿಕೊಂಡು, ತುಟಿ ಪಿಟಕ್ಕನ್ನದೆ ಮೊಳಕಾಲ್ಮೂರಿನ ಬಸ್ಸು ಹತ್ತಿದ. ಇವತ್ತಿಗೂ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಚಿತ್ರದುರ್ಗದ ಫಿಸಿಕಲ್ ಇನ್ನೂ ಬಾಕಿ, ಅಣ್ಣ ಹೊರಗೆ ಬಯಲಲ್ಲಿ ಓಡುತ್ತಲೇ ಇದ್ದಾನೆ. ಆದರೆ ಮಾವನಿಗೆ ಅಚ್ಚಾದದ್ದೆಲ್ಲ ಓದುವ ಚಟ, ಬಜ್ಜಿ ಕಟ್ಟಿದ ಕಾಗದವನ್ನೂ ಬಿಡುವುದಿಲ್ಲ. ಅದಕ್ಕೇ ಬರೆದೆ. ನೀವೆಲ್ಲ ಓದಿಯಾದ ಮೇಲೆ, ನಾನು ಹಂಗಂದಿಲ್ಲ ಅಂತ ಆಯಪ್ಪ ನಿಮ್ಮ ಮನೆ ಮನೆಗೂ ಬಂದು ಹೇಳಬೇಕಾಗುತ್ತದೆ. ಅಷ್ಟು ನಡೆಯುವುದು ಆ ಹೊಟ್ಟೆಯಿಂದ ಆಗುವುದಿಲ್ಲ.